ರೂಪಾಯಿಗೆ ಎಂಟಾಣೆ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಜವಳಿ ಅಂಗಡಿಯೊಂದರ ಮೇಲಣ ಕೋಣೆಯಲ್ಲಿ ನಾನು ವಕೀಲಿ ನಡೆಸುತ್ತಿದ್ದ ಕಾಲದಲ್ಲಿ, ಊರಿನ ವರ್ತಕರಲ್ಲಿ ಬಹುಮಂದಿ ನನ್ನನ್ನು ಬಲ್ಲವರಾಗಿದ್ದರೂ, ಹಗಲು ಹೊತ್ತು ಬೀದಿಯಲ್ಲಿ ನಿಂತು ನನ್ನೊಡನೆ ಮಾತನಾಡುವವರು ವಿರಳರಾಗಿದ್ದರು. ಇದನ್ನು ಅವರ ಅಸೌಜನ್ಯವೆಂದು ನಾನೆಂದೂ ಭಾವಿಸಲಿಲ್ಲ. ಕೋಣೆಯ ಮೆಟ್ಟಿಲು ಬೀದಿಗೇ ತೆರೆದುಕೊಂಡಿದ್ದುದರಿಂದ ಅದನ್ನು ಹತ್ತಿದವನಾರೆಂಬುದು ಎದುರು ಸಾಲಿನ ಅಂಗಡಿಯವರೆಲ್ಲರ ಕಣ್ಣಿಗೂ ಬೀಳುತ್ತಿತ್ತು. ಮಧ್ಯಾಹ್ನ ಮೆಟ್ಟಿಲು ಹತ್ತಿದ ವ್ಯಾಪಾರಿಯ ಮನೆಯ ಮುಂದೆ, ದೀಪ ಹಚ್ಚುವ ಹೊತ್ತಿಗೆಲ್ಲ, ಸಾಲ ಕೊಟ್ಟವರು ಕೈಯಲ್ಲಿ ಪ್ರೋನೋಟು ಹಿಡಿದು ನಿಂತಿರುತ್ತಿದ್ದರು. ಆದುದರಿಂದ ನನ್ನ ಕಕ್ಷಿದಾರರು ರಾತ್ರಿಯ ಊಟ ಮುಗಿದ ತರುವಾಯ ಮನೆಗೆ ಬರುವರು. ಬಂದು, ಮಗಳ ಜಾತಕ, ಮಳೆಯ ಲಕ್ಷಣ, ಅದೋನಿಯ ಹತ್ತಿಯ ಧಾರಣೆ ಇವುಗಳ ವಿಚಾರವಾಗಿ ಸಾವಕಾಶವಾಗಿ ಮಾತನಾಡಿ, ಎದ್ದು ಹೊರಟು, ಚಪ್ಪಲಿ ಮೆಟ್ಟುವಾಗ ತಡೆದು ನಿಂತು, "ವಕೀಲ್ರೇ, ನಮ್ಮ ಪರಿಚಯದವ್ರೊಬ್ರು ಸ್ವಲ್ಪ ತೊಂದ್ರೇಲಿದಾರೆ" ಎಂದು ಆರಂಭಿಸುವರು. ಆ ಪರಿಚಯದವರಾರೆಂದು ನಾನು ಕೇಳುತ್ತಿರಲಿಲ್ಲ.

ಊರಿನ ಬಾಯಲ್ಲಿ ನಾನು ಪಾಪರ್ ವಕೀಲ. ನ್ಯಾಯಾಲಯದ ದಿವಾಳಿ ಆದೇಶಕ್ಕೆ ಜನರು ಇಟ್ಟ ಹೆಸರು ಪಾಪರ್ ಚೀಟಿ; ಅದನ್ನು ಕೊಡಿಸುವವನಾದ ಕಾರಣ ನನಗೂ ಆ ವಿಶೇಷಣವೇ ಅಂಟಿತು. ಇತರ ವಕೀಲಮಿತ್ರರು ಪರಿಹಾಸ ಮಾಡುತ್ತಿದ್ದುದು ಫೀಸಿನ ವಿಷಯದಲ್ಲಿ. ತನ್ನ ಬಳಿ ಏನೂ ಇಲ್ಲವೆಂದು ಪ್ರಮಾಣ ಮಾಡಿ ಹೇಳಬೇಕಾದ ಮನುಷ್ಯನಿಂದ ಫೀಸನ್ನು ತೆಗೆದುಕೊಳ್ಳುವ ಬಗೆ ಹೇಗೆ? ತೆಗೆದುಕೊಂಡರೆ ಪ್ರಮಾಣಪತ್ರ ಸುಳ್ಳಾಗುವುದು, ಬಿಟ್ಟರೆ ವಕೀಲನೂ ಆ ಅರ್ಜಿಯ ಕೆಳಗೆ ಎರಡನೆಯ ಅರ್ಜಿದಾರನಾಗಬೇಕಾಗುವುದು. ಈ ಧರ್ಮಸಂಕಟಕ್ಕೆ ನನ್ನ ಹಿರಿಯ ವಕೀಲರು ಕಂಡುಕೊಂಡಿದ್ದ ಪರಿಹಾರ ಸರಳವಾದುದು. ಫೀಸನ್ನು ಮೊದಲೇ ಪಡೆಯತಕ್ಕದ್ದು, ಪಡೆದ ಮೊತ್ತವನ್ನು ಅರ್ಜಿಯಲ್ಲಿಯೇ ಕಾಣಿಸತಕ್ಕದ್ದು, ಅದು ಎದುರು ಪಕ್ಷದ ವಕೀಲನು ಗಟ್ಟಿಯಾಗಿ ಓದಿದಾಗ ನಾಚಿಕೆಯಾಗದಷ್ಟು ಇರತಕ್ಕದ್ದು. ಬಹುತೇಕ ಸಂದರ್ಭಗಳಲ್ಲಿ ಹಣ ಕೊಡುತ್ತಿದ್ದವನು ಹೆಂಡತಿಯ ಅಣ್ಣ.

ಆ ಹಿರಿಯರು ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದ ವಕೀಲರು. ನಾನು 1960ರ ದಶಕದ ಕೊನೆಯಲ್ಲಿ ಅವರ ಕಚೇರಿ ಸೇರಿದಾಗಲೂ ಗೋಡೆಯ ಕಪಾಟಿನಲ್ಲಿ ಮದರಾಸಿನ ತೀರ್ಪುಗಳ ಸಂಪುಟಗಳು ಮೇಲಣ ಸಾಲಿನಲ್ಲಿಯೂ, ಮೈಸೂರಿನವು ಕೈಗೆಟುಕುವ ಕೆಳಸಾಲಿನಲ್ಲಿಯೂ ಇದ್ದುವು. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆದು ನಾವು ಮೈಸೂರಿಗೂ, ಅದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಹೋದಾಗ, ಹತ್ತಿ ವ್ಯಾಪಾರಿಯೊಬ್ಬನ ಅರ್ಧ ಸಾಲ ಒಂದು ರಾಜ್ಯದಲ್ಲಿಯೂ ಉಳಿದರ್ಧ ಮತ್ತೊಂದರಲ್ಲಿಯೂ ಸಿಕ್ಕಿಕೊಂಡುದನ್ನು ಅವರು ಬಹಳ ರಸವತ್ತಾಗಿ ವರ್ಣಿಸುವರು. ಆದರೆ ಅವರು ಮೆಚ್ಚಿ ಹೇಳುತ್ತಿದ್ದ ಕಥೆ ರಾಜಾಜಿಯವರ ಸರ್ಕಾರ 1938ರಲ್ಲಿ ಮಾಡಿದ ರೈತ ಋಣ ಪರಿಹಾರದ ಕಾಯ್ದೆಯದು. 1932ರ ಅಕ್ಟೋಬರಿಗೆ ಮುಂಚಿನ ರೈತರ ಸಾಲಗಳ ಮೇಲೆ ನಿಂತಿದ್ದ ಬಡ್ಡಿಯೆಲ್ಲ ಮನ್ನಾ, ಅಸಲಿನ ಎರಡರಷ್ಟು ಆಗಲೇ ಸಂದಾಯವಾಗಿದ್ದರೆ ಸಾಲವೇ ತೀರಿದಂತೆ ಎಂಬ ವಿಧಿ ಅದರಲ್ಲಿ ಇದ್ದಿತು. ಬಳ್ಳಾರಿ ಸೀಮೆಯ ಬರಗಾಲದ ರೈತನಿಗೆ ಆ ಕಾಯ್ದೆಯ ಸುದ್ದಿ ತಲುಪುವುದಕ್ಕೆ ಮುಂಚೆಯೇ ಸಾಹುಕಾರರಿಗೆ ತಲುಪಿ, ಹಳೆಯ ಕಾಗದಗಳನ್ನು ಹರಿದು ಹೊಸ ತಾರೀಖಿನಲ್ಲಿ ಬರೆಸಿಕೊಳ್ಳುವ ಅವಸರ ಹಳ್ಳಿಹಳ್ಳಿಗೆ ಹಬ್ಬಿತಂತೆ. ಶಾಸನಕ್ಕೂ ಸಾಹುಕಾರನಿಗೂ ನಡುವಣ ಈ ಓಟದಲ್ಲಿ ಯಾರು ಮುಂದಿದ್ದರೆಂಬುದನ್ನು ಅವರು ಹೇಳದೆ ನಗುವರು.

ನಮ್ಮ ಅನ್ನಕ್ಕೆ ಆಧಾರವಾಗಿದ್ದುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಕಲ್ಕತ್ತ, ಮುಂಬಯಿ, ಮದರಾಸು ನಗರಗಳಿಗೆ 1909ರದು ಬೇರೆ ಇದ್ದಿತು. ಉಳಿದ ದೇಶವೆಲ್ಲ ಈ ಪುಟ್ಟ ಶಾಸನದ ಆಶ್ರಯದಲ್ಲಿ ದಿವಾಳಿಯಾಗತಕ್ಕದ್ದು. ಸಾಲ ಐನೂರು ರೂಪಾಯಿಗೆ ಮುಟ್ಟಿರಬೇಕು, ಇಲ್ಲವೆ ಡಿಕ್ರಿಯ ಮೇರೆಗೆ ಸಾಲಿಗನು ಬಂಧನಕ್ಕೊಳಗಾಗಿರಬೇಕು, ಅಥವಾ ಅವನ ಆಸ್ತಿ ಜಪ್ತಿಯಾಗಿರಬೇಕು. ಈ ಮೂರರಲ್ಲೊಂದಿದ್ದರೆ ಅವನೇ ಅರ್ಜಿ ಹಾಕಿಕೊಳ್ಳಬಹುದು. ಕೋರ್ಟು ಅವನನ್ನು ದಿವಾಳಿಯೆಂದು ಘೋಷಿಸಿದೊಡನೆಯೇ ಅವನ ಆಸ್ತಿಯೆಲ್ಲ ರಿಸೀವರನ ಕೈಸೇರುವುದು. ರಿಸೀವರನು ಮಾರಿ ಬಂದ ಹಣವನ್ನು ಸಾಲ ಕೊಟ್ಟವರೆಲ್ಲರಿಗೂ ಅವರವರ ಪ್ರಮಾಣಕ್ಕೆ ತಕ್ಕಂತೆ ಹಂಚುವನು. ಹಂಚುವುದಕ್ಕೆ ಮುಂಚೆ ಸರ್ಕಾರದ ಬಾಕಿ ತೀರಬೇಕು. ಗುಮಾಸ್ತನ, ಆಳಿನ, ಕೂಲಿಯವನ ಬಾಕಿ ಸಂಬಳಕ್ಕೂ ಅಗ್ರಸ್ಥಾನ ಉಂಟು, ಆದರೆ ಒಟ್ಟು ಇಪ್ಪತ್ತು ರೂಪಾಯಿಯವರೆಗೆ ಮಾತ್ರ. 1920ರಲ್ಲಿ ಅದು ತಿಂಗಳುಗಳ ಕೂಲಿಯಾಗಿದ್ದಿತು. ನಾನು ಕರಿಕೋಟನ್ನು ಕಳಚುವ ಕಾಲಕ್ಕೆ ಆ ಹಣದಿಂದ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಒಂದು ಹೊತ್ತಿನ ತಿಂಡಿಯೂ ಪೂರೈಸುತ್ತಿರಲಿಲ್ಲ.

ಅರ್ಜಿಯೊಡನೆ ಆಸ್ತಿಯ ಪಟ್ಟಿಯನ್ನು ಲಗತ್ತಿಸಬೇಕು. ಈ ಪಟ್ಟಿಯನ್ನು ಬರೆಯುವ ಕೆಲಸವನ್ನು ನಾನು ಗುಮಾಸ್ತನಿಗೆ ಬಿಡದೆ ಸ್ವತಃ ಮಾಡುತ್ತಿದ್ದೆನು. ಸಾಲಿಗನ ನಿಜಸ್ವರೂಪ ತಿಳಿಯುತ್ತಿದ್ದುದು ಅಲ್ಲಿಯೇ. ಕಪಟಿಯು ತನ್ನಲ್ಲಿರುವುದನ್ನು ಬಿಟ್ಟು ಬರೆಸುವನು, ಹೆದರಿದವನು ಬರೆಸಬೇಕಾಗಿಲ್ಲದುದನ್ನೂ ಬರೆಸುವನು. ಕೌಲ್ ಬಜಾರಿನಲ್ಲಿ ಚೀಟಿ ನಡೆಸಿ ಮುಳುಗಿದ ಒಬ್ಬಾತ ಹೆಂಡತಿಯನ್ನೂ ಕರೆತಂದು ಕುಳ್ಳಿರಿಸಿ ಮನೆಯ ಸಾಮಾನನ್ನು ಒಂದೊಂದಾಗಿ ಹೇಳಿಸಿದನು. ಹಿತ್ತಾಳೆಯ ಕೊಡ ಎರಡು, ಅದರಲ್ಲೊಂದು ತಳ ತೂತು; ತಾಮ್ರದ ಹಂಡೆ ಒಂದು; ಹಾಸಿಗೆ ಸುರುಳಿ ಮೂರು; ಹೊಲಿಗೆ ಯಂತ್ರ ಒಂದು, ಕಾಲಿನದು. ಇಷ್ಟು ಹೇಳಿ ಆಕೆ ಸೆರಗಿನೊಳಗೆ ಕೈಯಿಟ್ಟು ತಾಳಿಯನ್ನು ಹಿಡಿದುಕೊಂಡು, "ಇದನ್ನೂ ಬರಿಬೇಕೇನಪ್ಪಾ?" ಎಂದಳು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮಾಚಾರದ ಪ್ರಕಾರ ಹೆಂಗಸು ಕಳಚಲಾಗದ ಒಡವೆ, ಕಸುಬುದಾರನ ಉಪಕರಣ, ರೈತನಾದರೆ ನೇಗಿಲು, ಎತ್ತು, ಬೀಜದ ಕಾಳು ಇವೆಲ್ಲವನ್ನೂ ಜಪ್ತಿಯಿಂದ ಹೊರಗಿಟ್ಟಿದೆ. ದಿವಾಳಿ ಕಾಯ್ದೆಯೂ ಅವನ್ನು ರಿಸೀವರನ ಕೈಗೆ ಕೊಡುವುದಿಲ್ಲ. ನಾನು ಇದನ್ನು ತಿಳಿಸಿ, ಕೊಡದಿಂದ ಹಾಸಿಗೆಯವರೆಗೆ ಬರೆದುದನ್ನೆಲ್ಲ ಹೊಡೆದುಹಾಕಿದೆನು. ಹೊಲಿಗೆ ಯಂತ್ರದ ಬಳಿ ಲೇಖನಿ ನಿಂತಿತು. ಹೊಲಿಯುವವಳು ಆಕೆ, ಅರ್ಜಿದಾರನು ಆತ. ಅದು ಯಾರ ಕಸುಬಿನ ಉಪಕರಣ? ಆಕೆಗೆ ತವರುಮನೆಯವರು ಕೊಟ್ಟ ವಸ್ತುವೆಂದು ತಿಳಿದು ಬಂದುದರಿಂದ ಆ ಪ್ರಶ್ನೆಯನ್ನು ನ್ಯಾಯಾಧೀಶರ ಮುಂದೆ ಒಯ್ಯಬೇಕಾಗಲಿಲ್ಲ.

ಹಾಗೆಂದು ನನ್ನ ಕೋಣೆಗೆ ಬಂದವರೆಲ್ಲ ಕನಿಕರಕ್ಕೆ ಪಾತ್ರರಾದವರೆಂದು ಓದುಗರು ತಿಳಿಯಬಾರದು. ಶೇಂಗಾ ಎಣ್ಣೆಯ ಮಿಲ್ಲನ್ನು ಬಾವಮೈದುನನಿಗೆ, ಮನೆಯನ್ನು ಹೆಂಡತಿಗೆ, ಹೊಲವನ್ನು ಮಠಕ್ಕೆ ಬರೆದುಕೊಟ್ಟು, ಅನಂತರ ವಿಭೂತಿ ಧರಿಸಿ ಬರಿಗೈಯಲ್ಲಿ ಬಂದು ನಿಂತ ಮಹನೀಯರೂ ಇದ್ದರು. ದಿವಾಳಿಯಾಗುವುದಕ್ಕೆ ಹಿಂದಣ ಎರಡು ವರ್ಷಗಳೊಳಗೆ ಪ್ರತಿಫಲವಿಲ್ಲದೆ ಪರಭಾರೆ ಮಾಡಿದ ಆಸ್ತಿಯನ್ನು ರಿಸೀವರನು ಎಳೆದು ತರಬಹುದು. ಅರ್ಜಿಗೆ ಹಿಂದಣ ಮೂರು ತಿಂಗಳಲ್ಲಿ ಒಬ್ಬ ಸಾಲದವನಿಗೆ ಮಾತ್ರ ವಿಶೇಷ ಕೃಪೆ ತೋರಿ ಸಲ್ಲಿಸಿದುದನ್ನೂ ರದ್ದು ಮಾಡಿಸಬಹುದು. ಈ ಕಲಮುಗಳನ್ನು ನನ್ನಿಂದಲೇ ಕೇಳಿ ತಿಳಿದುಕೊಂಡು, "ಹಾಗಾದ್ರೆ ಎರಡು ವರ್ಷ ತಡೆದು ಬರ್ತೀನಿ, ವಕೀಲ್ರೇ" ಎಂದು ಮೆಟ್ಟಿಲಿಳಿದು ಹೋದವರುಂಟು. ಲೆಕ್ಕದ ಪುಸ್ತಕಗಳಲ್ಲಿಯೂ ಕಲೆ ಕಾಣುತ್ತಿತ್ತು. ಮೂರು ವರ್ಷದ ಕಿರ್ದಿಯನ್ನು ಒಂದೇ ಮಸಿಯಲ್ಲಿ, ಒಂದೇ ಕೈಬರಹದಲ್ಲಿ, ಚಿತ್ತಿಲ್ಲದೆ, ಎಣ್ಣೆಯ ಕಲೆಯಿಲ್ಲದೆ ಬರೆದು ತಂದರೆ ಅದು ಮೂರು ರಾತ್ರಿಗಳಲ್ಲಿ ಹುಟ್ಟಿದ್ದೆಂದು ಹೇಳುವುದಕ್ಕೆ ಜ್ಯೋತಿಷ್ಯ ಬೇಕಾಗಿಲ್ಲ. ನಿಜವಾದ ಕಿರ್ದಿಯ ಮೊದಲ ಪುಟದಲ್ಲಿ ದೀಪಾವಳಿಯ ಪೂಜೆಯ ಅರಿಸಿನ ಕುಂಕುಮದ ಗುರುತು ಒಣಗಿರುತ್ತದೆ. ಸುಳ್ಳು ಕಿರ್ದಿಯಲ್ಲಿ ಅದೂ ಹಸಿಯಾಗಿಯೇ ಇರುತ್ತಿತ್ತು.

ಈ ಕಾಯ್ದೆಯ ಆಯುಸ್ಸು ತೀರಿತೆಂದು ನನಗೆ ಮೊದಲು ತೋರಿದ್ದು ಅದಿರಿನ ಕಾಲದಲ್ಲಿ. 2004ರ ಆಸುಪಾಸಿನಲ್ಲಿ ಚೀನಾ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆಗಳ ಗುಡ್ಡಗಳಿಂದ ಕೃಷ್ಣಪಟ್ಟಣ, ಬೇಲೇಕೇರಿ, ಮಂಗಳೂರು ಬಂದರುಗಳವರೆಗೆ ಲಾರಿಗಳ ಸಾಲು ಹಗಲಿರುಳು ಹರಿಯಿತು. ರಸ್ತೆಯ ಬದಿಯ ಬೇವಿನ ಮರಗಳ ಎಲೆ ಕೆಂಪಾಯಿತು. ಎರಡೆಕರೆ ಮಾರಿ ಮುಂಗಡ ಕಟ್ಟಿ ಹತ್ತು ಗಾಲಿಯ ಲಾರಿ ಕೊಂಡ ರೈತನು, ಅದರ ಗಳಿಕೆಯನ್ನು ನೋಡಿ ಎರಡನೆಯದನ್ನು ಪೂರ್ಣ ಸಾಲದಲ್ಲಿ ಕೊಂಡನು; ಅವನ ಸಾಲಕ್ಕೆ ನೆರೆಯವನು ಜಾಮೀನು, ನೆರೆಯವನ ಸಾಲಕ್ಕೆ ಸೋದರಮಾವ, ಸೋದರಮಾವನ ಸಾಲಕ್ಕೆ ತಿರುಗಿ ಇವನೇ. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸುವಂತೆ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಲೂಟಿಯ ಪ್ರಮಾಣವನ್ನು ಬಲ್ಲ ಯಾರೂ ಆ ಆಜ್ಞೆಯನ್ನು ತಪ್ಪೆನ್ನಲಾರರು, ನಾನೂ ಎನ್ನುವುದಿಲ್ಲ. ಆದರೆ ಗುಡ್ಡವನ್ನು ತಿಂದವರು ನನ್ನ ಮೆಟ್ಟಿಲು ಹತ್ತಲಿಲ್ಲ. ಹತ್ತಿದವರು ತಿಂಗಳ ಕಂತಿನವರು.

ಅವರಲ್ಲೊಬ್ಬನು, ಸಂಡೂರು ತಾಲ್ಲೂಕಿನವನು, ಲಾರಿಯನ್ನು ಹೊಲದ ಬದುವಿನಲ್ಲಿ ನಿಲ್ಲಿಸಿಕೊಂಡು, ಬ್ಯಾಟರಿ ಸಾಯಬಾರದೆಂದು ದಿನಾ ಬೆಳಗ್ಗೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸುತ್ತಿದ್ದನು. ಡೀಸೆಲ್ಲಿಗೆ ಹಣವಿಲ್ಲದಾದಾಗ ಸ್ಟೆಪ್ನಿಯನ್ನು ಮಾರಿದನು, ಬಳಿಕ ಹಿಂದಣ ಟಯರುಗಳನ್ನು ಒಂದೊಂದಾಗಿ ಮಾರಿ ಅವುಗಳ ಸ್ಥಾನದಲ್ಲಿ ಕಲ್ಲು ಕೊಟ್ಟನು. ಇಂಥವನಿಗೆ 1920ರ ಕಾಯ್ದೆಯಿಂದ ಆದ ಉಪಕಾರ ಅಲ್ಪ. ಅಡಮಾನವಿಟ್ಟುಕೊಂಡು ಸಾಲ ಕೊಟ್ಟವನ ಹಕ್ಕನ್ನು ದಿವಾಳಿಯ ಆದೇಶ ಮುಟ್ಟುವುದಿಲ್ಲ. ಲಾರಿಯನ್ನು ಫೈನಾನ್ಸಿನವರು ಎಳೆದೊಯ್ದು ತಮಗೆ ತೋಚಿದ ಬೆಲೆಗೆ ಮಾರುವರು, ಉಳಿದ ಬಾಕಿಗೆ ಚೆನ್ನೈಯಲ್ಲೋ ಮುಂಬಯಿಯಲ್ಲೋ ಕುಳಿತ ಮಧ್ಯಸ್ಥಗಾರನೊಬ್ಬನು ಇವನ ಗೈರುಹಾಜರಿಯಲ್ಲಿ ತೀರ್ಪು ಬರೆಯುವನು. ಇವನು ದಿವಾಳಿಯೆಂದು ಘೋಷಿಸಿಕೊಂಡರೆ ತಗಾದೆ ಜಾಮೀನುದಾರನ ಮನೆಗೆ ತಿರುಗುವುದು. ಸೋದರಮಾವನನ್ನು ಸಿಕ್ಕಿಸಿ ತಾನು ಪಾರಾಗಲೊಲ್ಲೆನೆಂದು ಈತ ಅರ್ಜಿಯನ್ನೇ ಹಾಕಲಿಲ್ಲ. ಆತನ ಕಾಗದಗಳನ್ನು ಚೀಲಕ್ಕೆ ತುಂಬಿ ಹಿಂದಿರುಗಿಸಿದೆನು.

2016ರಲ್ಲಿ ಬಂದ ಹೊಸ ದಿವಾಳಿ ಸಂಹಿತೆಯ ವಿಷಯವಾಗಿ ಕಿರಿಯ ವಕೀಲರು ಉತ್ಸಾಹದಿಂದ ಮಾತನಾಡುತ್ತಾರೆ. ಕಂಪನಿಗಳಿಗೆ ಅದು ದೊಡ್ಡ ಬದಲಾವಣೆಯೇ ಹೌದು. ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯಲ್ಲಿ ಅದರಿಂದ ಹೊಸದೊಂದು ವಕೀಲವರ್ಗವೇ ಹುಟ್ಟಿತು. ಆರಂಭದಲ್ಲಿ ಒಂದು ಲಕ್ಷದ ಬಾಕಿಗೂ ಕಂಪನಿಯನ್ನು ಅಲ್ಲಿಗೆ ಎಳೆಯಬಹುದಾಗಿತ್ತು. 2020ರ ಮಾರ್ಚಿನಲ್ಲಿ ಆ ಮಿತಿಯನ್ನು ಒಂದು ಕೋಟಿಗೆ ಏರಿಸಿದರು. ಬಡವನಿಗೆಂದೂ ಅದರಲ್ಲೊಂದು ಅಧ್ಯಾಯ ಉಂಟು: ವರ್ಷದ ಆದಾಯ ಅರವತ್ತು ಸಾವಿರವನ್ನು, ಆಸ್ತಿ ಇಪ್ಪತ್ತು ಸಾವಿರವನ್ನು, ಸಾಲ ಮೂವತ್ತೈದು ಸಾವಿರವನ್ನು ಮೀರದೆ, ಸ್ವಂತ ಮನೆಯೂ ಇಲ್ಲದವನು ಸಾಲವನ್ನು ಕಳಚಿಕೊಂಡು ಹೊಸದಾಗಿ ಬಾಳನ್ನು ಆರಂಭಿಸಬಹುದೆಂದು. ಅಧ್ಯಾಯ ಅಚ್ಚಾಗಿದೆ, ಜಾರಿಗೆ ಬಂದಿಲ್ಲ. ಕಂಪನಿಯ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟು ಉಳಿದ ವ್ಯಕ್ತಿಗಳಿಗೆ ಇಂದಿಗೂ 1920ರ ಐನೂರು ರೂಪಾಯಿಯ ಕಾಯ್ದೆಯೇ ಗತಿ.

ಇಷ್ಟೆಲ್ಲ ಹೇಳಿದರೂ ನನ್ನ ವೃತ್ತಿಯಲ್ಲಿ ನನ್ನನ್ನು ಬಹುವಾಗಿ ಯೋಚನೆಗೆ ಹಚ್ಚಿದ ಸಂಗತಿ ಬೇರೆ. ದಿವಾಳಿಯ ಆದೇಶ ಕೊಡುವಾಗಲೇ, ಇಷ್ಟು ಅವಧಿಯೊಳಗೆ ಋಣವಿಮೋಚನೆಗೆ ಅರ್ಜಿ ಸಲ್ಲಿಸತಕ್ಕದ್ದೆಂದು ಕೋರ್ಟು ಗಡುವು ಹಾಕುತ್ತದೆ. ಶಾಸನ ಮಾಡಿದವರ ದೃಷ್ಟಿಯಲ್ಲಿ ಇಡೀ ಏರ್ಪಾಡಿನ ಫಲವೆಂದರೆ ಈ ವಿಮೋಚನೆಯೇ. ಅದು ದೊರೆತವನು ಹಳೆಯ ಸಾಲಗಳಿಂದ ಬಿಡುಗಡೆ ಹೊಂದಿ, ಎಲ್ಲರಂತೆ ವ್ಯವಹಾರಕ್ಕೆ ಇಳಿಯಬಹುದು. ನನ್ನ ಕಕ್ಷಿದಾರರಲ್ಲಿ ಅದನ್ನು ಕೇಳಿದವರು ಇಲ್ಲವೆಂಬಷ್ಟು ಕಡಮೆ. ಬಂಧನದಿಂದ ರಕ್ಷಣೆ ಕೊಡುವ ಆದೇಶ ಕೈಗೆ ಬಂದೊಡನೆ ಅವರು ಕೋರ್ಟಿನ ಕಡೆ ತಲೆ ಹಾಕುತ್ತಿರಲಿಲ್ಲ. ಗಡುವು ಮೀರಿದರೆ ದಿವಾಳಿಯ ಆದೇಶವೇ ರದ್ದಾಗಬಹುದೆಂದು ನಾನು ಕಾಗದ ಬರೆದರೂ ಉತ್ತರವಿಲ್ಲ. ಇದಕ್ಕೆ ಸೋಮಾರಿತನವೆಂಬ ವಿವರಣೆ ಸಾಲದು. ವಿಮೋಚನೆಯ ವಿಚಾರಣೆಯೆಂದರೆ ಸಾಲ ಕೊಟ್ಟವರೆಲ್ಲರಿಗೂ ಮತ್ತೆ ನೋಟೀಸು, ರಿಸೀವರನಿಂದ ನಡತೆಯ ವರದಿ, ಒಮ್ಮೆ ಉಂಡ ಅವಮಾನವನ್ನು ಮರಳಿ ಬಡಿಸಿಕೊಳ್ಳುವುದು. ಅದರ ಮೇಲೆ 42ನೆಯ ಕಲಮು: ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟಾದರೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ಸಾಲಿಗನು ಮನಗಾಣಿಸಿದ ಹೊರತು, ನ್ಯಾಯಾಧೀಶರು ಪೂರ್ಣ ವಿಮೋಚನೆಯನ್ನು ಕೊಡುವಂತಿಲ್ಲ. ಇವೆರಡಕ್ಕಿಂತ ಬಲವಾದುದು ಇನ್ನೊಂದಿದ್ದಿತು. ಕೊಟ್ಟವನು ಬದುಕಿರುವಾಗ ಮೂರನೆಯವನಾದ ನ್ಯಾಯಾಧೀಶನು ಸಾಲವನ್ನು ಅಳಿಸಿಹಾಕಬಲ್ಲನೆಂಬುದನ್ನು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ತಂದೆಯ ಸಾಲವನ್ನು ಮಗನು ತೀರಿಸತಕ್ಕದ್ದೆಂಬ ಮಿತಾಕ್ಷರೆಯ ಧರ್ಮವನ್ನು ವಿಜ್ಞಾನೇಶ್ವರನು ಪ್ರತಿಪಾದಿಸಿದ್ದು ನಮ್ಮ ಸೀಮೆಗೆ ದೂರವಲ್ಲದ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ನ್ಯಾಯಾಲಯಗಳು ಆ ಧರ್ಮವನ್ನು ಕುಟುಂಬದ ಆಸ್ತಿಯ ಮಟ್ಟಿಗೆ ಸೀಮಿತಗೊಳಿಸಿದುವು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಂದಣ ಸಾಲಗಳಿಗೆ ಅದನ್ನು ತೆಗೆದೇಹಾಕಿತು. ಜನರಿಗೆ ಈ ಎರಡು ಸುದ್ದಿಯೂ ಮುಟ್ಟಿದಂತೆ ಕಾಣಲಿಲ್ಲ.

1970ರ ದಶಕದಲ್ಲಿ ದಿವಾಳಿಯಾದ ಹತ್ತಿ ದಲಾಲಿ ಅಂಗಡಿಯ ಯಜಮಾನರೊಬ್ಬರ ಮಗ, ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಬೆಂಗಳೂರಿನಲ್ಲಿ ನಿವೃತ್ತರಾದವರು, ಒಂದು ದಿನ ಹಗಲು ಹೊತ್ತಿನಲ್ಲಿಯೇ ನನ್ನ ಮೆಟ್ಟಿಲು ಹತ್ತಿ ಬಂದರು. ತಂದೆ ತೀರಿಕೊಂಡು ಬಹುಕಾಲವಾಗಿದ್ದಿತು. ಆಗ ರಿಸೀವರರು ಹಂಚಿದ್ದು ರೂಪಾಯಿಗೆ ಹದಿನೇಳು ಪೈಸೆ. ಉಳಿದ ಎಂಬತ್ಮೂರು ಪೈಸೆಯನ್ನು ತಮ್ಮ ನಿವೃತ್ತಿಯ ಹಣದಲ್ಲಿ ಸಲ್ಲಿಸಬೇಕು, ಸಾಲದವರ ಪಟ್ಟಿ ನನ್ನಲ್ಲಿರುವುದೇ ಎಂದು ಕೇಳಿದರು. ಪಿತ್ರಾರ್ಜಿತವೆಂಬುದು ಅವರಿಗೆ ಒಂದು ಕಾಸೂ ಬಂದಿರಲಿಲ್ಲ, ಕಾನೂನಿನ ಯಾವ ಹೊಣೆಯೂ ಇರಲಿಲ್ಲ; ಹಾಗೆಂದೇ ಹೇಳಿದೆನು. "ಗೊತ್ತು ಸರ್, ಬೇರೆಯವರಿಗೆ ನಾನೇ ಈ ಮಾತು ಹೇಳ್ತಿದ್ದೆ" ಎಂದರು. ಅಟ್ಟದಿಂದ ಕಡತ ಇಳಿಸಿ ಕೊಟ್ಟೆನು.

ಆ ಹಣವನ್ನು ಸಲ್ಲಿಸುವುದು ಸಾಲ ಮಾಡುವುದಕ್ಕಿಂತ ಕಷ್ಟವಾಯಿತು. ಪಟ್ಟಿಯಲ್ಲಿದ್ದ ಅಂಗಡಿಗಳಲ್ಲಿ ಕೆಲವು ಮುಚ್ಚಿದ್ದುವು. ಒಬ್ಬ ವೃದ್ಧೆ ತನ್ನ ಗಂಡ ಅಂಥ ಸಾಲ ಕೊಟ್ಟವನೇ ಅಲ್ಲವೆಂದು ಗದರಿಸಿ ಕಳುಹಿಸಿದಳು. ಅದೋನಿಯ ವ್ಯಾಪಾರಿಯೊಬ್ಬನು ಎಂಬತ್ಮೂರು ಪೈಸೆಯ ಲೆಕ್ಕವನ್ನು ತೆಲುಗಿನಲ್ಲಿ ಪೂರ್ತಿಯಾಗಿ ಕೇಳಿ, ಹಣ ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ ಮೇಲೆ, ಇಷ್ಟು ವರ್ಷದ ಬಡ್ಡಿ ಯಾವಾಗ ಬರುತ್ತದೆಂದು ವಿಚಾರಿಸಿದನು. ಎಲ್ಲರಿಗಿಂತ ದೊಡ್ಡ ಮೊತ್ತ ಸಲ್ಲಬೇಕಾಗಿದ್ದ ಬ್ರೂಸ್‌ಪೇಟೆಯ ಮನೆತನದಲ್ಲಿ ಮೂವರು ಮೊಮ್ಮಕ್ಕಳಿದ್ದರು. ಹಿರಿಯನು ಹಣ ಪಡೆದು ರಸೀದಿ ಕೊಟ್ಟನು. ಅವರೊಳಗೆ ಆಗಲೇ ಪಾಲಿನ ದಾವೆ ನಡೆಯುತ್ತಿದ್ದು, ತಮ್ಮಂದಿರು ಸುದ್ದಿ ತಿಳಿದೊಡನೆ ತಿದ್ದುಪಡಿಯ ಅರ್ಜಿ ಹಾಕಿ ಈ ಹಣವನ್ನೂ ದಾವಾ ಷೆಡ್ಯೂಲಿಗೆ ಸೇರಿಸಿದರು. ಕೊಟ್ಟದ್ದೆಷ್ಟೆಂದು ರುಜುವಾತು ಮಾಡಲು ನಮ್ಮ ಬ್ಯಾಂಕಿನವರಿಗೆ ಸಾಕ್ಷಿ ಸಮನ್ಸು ಹೋಯಿತು.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಅವರು ಸಾಕ್ಷಿಕಟ್ಟೆ ಹತ್ತಿದರು. ನಾನು ಹಿಂದಣ ಬೆಂಚಿನಲ್ಲಿ ಕುಳಿತಿದ್ದೆನು. ಹಿರಿಯಣ್ಣನ ವಕೀಲರು ಪಾಟೀಸವಾಲಿನಲ್ಲಿ ಬಹಳ ಹೊತ್ತು ಸುತ್ತಿ ಬಳಸಿ, ಹೊಣೆಯಿಲ್ಲದ ಸಾಲವನ್ನು ತೀರಿಸುವವನು ಲೋಕದಲ್ಲಿ ಇರುವನೇ ಎಂಬ ಧಾಟಿ ಹಿಡಿದು, ಕೊನೆಗೆ ಒಂದು ಸೂಚನೆ ಹಾಕಿದರು. ಬೆರಳಚ್ಚುಗಾರನು ಅದನ್ನು ನಮ್ಮ ನ್ಯಾಯಾಲಯಗಳ ಪದ್ಧತಿಯಂತೆ ಇಳಿಸಿದನು: "ನಮ್ಮ ತಂದೆಯವರು ದಿವಾಳಿ ಅರ್ಜಿಯಲ್ಲಿ ಆಸ್ತಿ ಮುಚ್ಚಿಟ್ಟಿದ್ದರು, ಅದರ ಹಣದಿಂದಲೇ ನಾನು ಈ ಬಾಕಿ ಕೊಟ್ಟಿದ್ದೇನೆ ಎಂದರೆ ಸರಿಯಲ್ಲ." ಅವರು ಹೇಳಿಕೆಯನ್ನು ಮೊದಲಿನಿಂದ ಓದಿ, ತಂದೆಯ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರವನ್ನು ಸೇರಿಸುವಂತೆ ಕೇಳಿ, ಪ್ರತಿ ಹಾಳೆಗೂ ಸಹಿ ಹಾಕಿ ಇಳಿದರು. ಸಾಕ್ಷಿ ಭತ್ತೆಯನ್ನು ಹೊರಗಡೆ ಎಣಿಸಿಕೊಂಡು, ಅದೋನಿಗೆ ಬಸ್ಸು ಎಲ್ಲಿಂದ ಹೊರಡುತ್ತದೆಂದು ನನ್ನನ್ನು ಕೇಳಿದರು. ಆ ವ್ಯಾಪಾರಿಯ ಬಡ್ಡಿಯ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ.